ಮೆಟ್ಟಿಲ ತಿರುವಿನ ಬೀರು

ಮೆಟ್ಟಿಲ ತಿರುವಿನಲ್ಲಿ ಮರದ ಬೀರು ಸಿಕ್ಕಿಕೊಂಡು ಅರ್ಧ ಗಂಟೆಯಾಗಿತ್ತು. ಕೆಳಗೆ ಅದನ್ನು ಮಾಡಿದ ಬಡಗಿ ಅಪ್ಪ, ಅಳತೆ ಕೊಟ್ಟ ಗಣಿತದ ಮೇಷ್ಟ್ರು ಗಂಡ. ಮೇಲೆ, ಹತ್ತು ಗಂಟೆಯ ಸಂದರ್ಶನಕ್ಕೆ ಹೊರಟು ನಿಂತ ಅವಳು. ಆರು ವರ್ಷ ಅರ್ಜಿ ಹಾಕಿದ ಮೇಲೆ ಬಂದ ಮೊದಲ ಕರೆ.

“ಇದು ಸಿಕ್ಕಿಕೊಳ್ಳೋಕೆ ಸಾಧ್ಯವೇ ಇಲ್ಲ ಮಾವ,” ಗಂಡ ಲೆಕ್ಕದ ಹಾಳೆ ತೋರಿಸಿದ. “ಎರಡು ಇಂಚು ಜಾಗ ಮಿಗಬೇಕು. ನಾಲ್ಕು ಸಲ ಸಾಧಿಸಿದ್ದೀನಿ.”

“ನಲವತ್ತು ವರ್ಷದಲ್ಲಿ ನನ್ನ ಬೀರು ಯಾವ ಮೆಟ್ಟಿಲಲ್ಲೂ ಸಿಕ್ಕಿಕೊಂಡಿಲ್ಲ ಅಳಿಯಂದ್ರೇ. ಇದೂ ಸಿಕ್ಕಲ್ಲ. ಹಾಳೆ ಮಡಚಿ ಒಂದು ಕೈ ಹಾಕಿ.”

“ಸಿಕ್ಕಿದೆಯಲ್ಲಪ್ಪಾ! ಇಬ್ಬರಿಗೂ ಕಣ್ಣು ಕಾಣಲ್ವಾ?” ಅವಳು ಮೇಲಿನಿಂದ ಕೂಗಿದಳು. ತಪ್ಪೆಲ್ಲ ಗೋಡೆಯದೇ ಎಂಬ ವಿಷಯದಲ್ಲಿ ಮಾತ್ರ ಮಾವ ಅಳಿಯಂದಿರು ಒಂದಾಗಿದ್ದರು.

ಒಂಬತ್ತೂ ನಲವತ್ತು. ತನ್ನ ಕಡೆಗಿದ್ದ ಬೀರುವಿನ ಬಾಗಿಲನ್ನು ಅವಳು ತೆರೆದಳು. ಒಳಗೆ ಅರೆಗಳನ್ನು ಇನ್ನೂ ಕೂರಿಸಿರಲಿಲ್ಲ. ಎದುರಿಗಿದ್ದುದು ಹಿಂಬದಿಯ ತೆಳು ಪ್ಲೈವುಡ್ ಮಾತ್ರ. ಫೈಲನ್ನು ಕಂಕುಳಿಗೆ ಸಿಕ್ಕಿಸಿ, ತಲೆ ಬಗ್ಗಿಸಿ ಒಳಗೆ ಕಾಲಿಟ್ಟು ಅದಕ್ಕೆ ಒದ್ದಳು.

“ಅದು ಬರಲ್ಲ ಕಣಮ್ಮ, ನಾನು ಹೊಡೆದ ಮೊಳೆ ಇವತ್ತಿನವರೆಗೂ ಒಂದೂ ಕಿತ್ತುಬಂದಿಲ್ಲ,” ಅಪ್ಪ ಕೂಗಿದ.

“ನಿನ್ನ ತೂಕಕ್ಕೆ ಅಷ್ಟು ಬಲ ಹುಟ್ಟಲ್ಲ ಕಣೇ,” ಗಂಡ ಪೆನ್ಸಿಲ್ ತೆಗೆದ.

ಎರಡನೇ ಒದೆತಕ್ಕೆ ಪ್ಲೈವುಡ್ ಇಬ್ಬರ ಕಾಲ ಬಳಿ ಬಿತ್ತು. ಅವಳು ಬೀರುವಿನೊಳಗಿಂದ ಇಳಿದು ಬಂದು, ಗಂಡನ ಕೈಯಿಂದ ಲೆಕ್ಕದ ಹಾಳೆ ಕಿತ್ತುಕೊಂಡು ಬೂಟಿಗಂಟಿದ್ದ ಮರದ ಪುಡಿ ಒರೆಸಿದಳು. ಆಮೇಲೆ ಅದನ್ನು ಅಪ್ಪನ ಕೈಗೆ ತುರುಕಿ ಬೀದಿಗಿಳಿದಳು.