ತಿಳಿನೀರು

ಅಕ್ವೇರಿಯಂ ಅಂಗಡಿಗೆ ಬಂದ ಪಂಕಜಮ್ಮ, ಮನೆಯ ಮೀನಿನ ತೊಟ್ಟಿಯ ಉದ್ದ ಅಗಲಗಳನ್ನು ಚೀಟಿಯಲ್ಲಿ ಬರೆದುಕೊಂಡೇ ಬಂದಿದ್ದರು.

"ನೀರು ಯಾವಾಗ್ಲೂ ಮಬ್ಬುಮಬ್ಬಾಗೇ ಇರುತ್ತೆ. ಫಿಲ್ಟರ್ ಒಳಗೆ ಏನು ಹಾಕಿದ್ರೆ ತಿಳಿಯಾಗುತ್ತೋ ಅದನ್ನ ಕೊಡಪ್ಪ."

ಅಂಗಡಿಯ ಇರ್ಫಾನ್ ಮೂರು ಪೊಟ್ಟಣಗಳನ್ನು ಮುಂದಿಟ್ಟ. "ಈ ಸ್ಪಂಜು ಕಸ ಹಿಡಿಯುತ್ತೆ ಅಮ್ಮ. ಈ ಸೆರಾಮಿಕ್ ಉಂಗುರಗಳಲ್ಲಿ ಒಳ್ಳೆ ಬ್ಯಾಕ್ಟೀರಿಯಾ ಮನೆ ಮಾಡ್ಕೊಂಡು ಮೀನಿನ ಗಲೀಜನ್ನ ತಿಂದುಹಾಕ್ತವೆ. ಇದು ಇದ್ದಿಲು, ನೀರಿನ ಹಳದಿ ಬಣ್ಣ ತೆಗೆಯುತ್ತೆ. ಮೊದಲ್ನೇ ಎರಡಿದ್ರೆ ಸಾಕು, ಮೀನು ಆರಾಮಾಗಿರ್ತವೆ."

"ಮೂರೂ ಕೊಡು."

ಹದಿನೈದು ದಿನಗಳ ನಂತರ ಅವರ ಗಂಡ ಚನ್ನಕೇಶವಯ್ಯ ಒಬ್ಬರೇ ಬಂದರು. ಬೇರೆ ಗಿರಾಕಿಗಳೆಲ್ಲ ಹೋಗುವವರೆಗೂ ಗಪ್ಪಿ ಮೀನು ನೋಡುವವರ ಹಾಗೆ ನಿಂತಿದ್ದು, ಆಮೇಲೆ ಮೆಲ್ಲಗೆ ಕೇಳಿದರು.

"ಆ ಇದ್ದಿಲು ತೆಗೆದ್ಬಿಟ್ರೆ ನೀರು ಮತ್ತೆ ಮಬ್ಬಾಗುತ್ತಾ?"

ಇರ್ಫಾನ್ ಕೈಲಿದ್ದ ಮೀನಿನ ಬಲೆ ಕೆಳಗಿಟ್ಟ. "ಯಾಕೆ ಸಾರ್, ಮೀನೇನಾದ್ರೂ ಸತ್ತೋದ್ವಾ?"

"ಇಲ್ಲಪ್ಪ, ಗುಂಡುಗುಂಡಗಾಗಿವೆ."

"ನೀರು ವಾಸನೆ ಬರ್ತಿದ್ಯಾ?"

"ಛೆ ಛೆ! ತೊಟ್ಟೀಲಿ ನೀರೇ ಇಲ್ವೇನೋ ಅನ್ನೋ ಹಂಗಿದೆ. ಪಕ್ಕದ ಮನೆಯವ್ರೆಲ್ಲ ಬಂದು ನೋಡ್ಕೊಂಡು ಹೋದ್ರು."

"ಮತ್ತೆ ತೊಂದರೆ ಏನು ಸಾರ್?"

ಚನ್ನಕೇಶವಯ್ಯ ಒಮ್ಮೆ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು.

"ನಂಗೆ ಶುಗರ್ ಇದೆ ಕಣಪ್ಪ. ತೊಟ್ಟಿ ಇರೋದು ಹಾಲ್‌ಗೂ ಅಡುಗೆಮನೆಗೂ ನಡುವಿನ ಕಟ್ಟೆ ಮೇಲೆ. ಈಗ ನಾನು ಬೆಲ್ಲದ ಡಬ್ಬಿಗೆ ಕೈ ಹಾಕಿದ್ರೆ ಅವಳಿಗೆ ಸೋಫಾದಲ್ಲಿ ಕೂತಲ್ಲೇ ಕಾಣುತ್ತೆ!"