ಮಾತಾಡುವ ಕಂಪ್ಯೂಟರ್

ಅಂಧರಿಗೆಂದು ಮೀಸಲಿಟ್ಟಿದ್ದ ಹುದ್ದೆ ಒಂದೇ ಒಂದು. ಕೊನೆಯ ಅಭ್ಯರ್ಥಿ ಕಪ್ಪು ಕನ್ನಡಕ ಹಾಕಿಕೊಂಡು, ಬಿಳಿ ಕೋಲು ಕುಟ್ಟುತ್ತಾ ಸಂದರ್ಶನಕ್ಕೆ ಬಂದ.

“ಹುಟ್ಟಿದಾಗಿನಿಂದ ಒಂಚೂರೂ ಕಾಣಲ್ಲ ಮೇಡಂ. ಸರ್ಟಿಫಿಕೇಟ್ ಇದೆ,” ಎಂದ.

“ಸರ್ಟಿಫಿಕೇಟ್ ಹಾಗಿರಲಿ. ಕೆಲಸ ಬರುತ್ತಾ ತೋರಿಸಿ,” ಎಂದಳು ಮೇಜಿನಾಚೆ ಕುಳಿತಿದ್ದ ಮ್ಯಾನೇಜರ್. ತನ್ನ ಕಂಪ್ಯೂಟರನ್ನೇ ಅವನತ್ತ ತಿರುಗಿಸಿ, ಕೀಬೋರ್ಡನ್ನು ಮುಂದೆ ಸರಿಸಿದಳು. “ಇದು ಮಾತಾಡುತ್ತೆ. ನೀವು ಕೀ ಒತ್ತಿದ ಹಾಗೆಲ್ಲ ಏನಿದೆ ಅಂತ ಓದಿ ಹೇಳುತ್ತೆ. ರಜೆ ಅರ್ಜಿಗಳ ಫೈಲ್ ತೆಗೀರಿ.”

ಅವನು ಕೈಗೆ ಸಿಕ್ಕ ಕೀಗಳನ್ನೆಲ್ಲ ಒತ್ತಿದ. ಕಂಪ್ಯೂಟರು ಪಟಪಟನೆ ಏನೇನೋ ಹೇಳುತ್ತಾ ಹೋಯಿತು. ಫೈಲು ಮಾತ್ರ ತೆರೆಯಲಿಲ್ಲ.

“ಐದು ನಿಮಿಷ ಆಯ್ತು. ಇದೇನಾ ನೀವು ಕಲಿತಿರೋದು?”

“ಸ್ವಲ್ಪ ಕರುಣೆ ಇರಲಿ ಮೇಡಂ. ಕಣ್ಣಿರೋರಿಗೆ ನಮ್ಮ ಕಷ್ಟ ಹೇಗೆ ಗೊತ್ತಾಗಬೇಕು?”

“ಕರುಣೆ ಬೇಕಿದ್ರೆ ಬೇರೆ ಕಡೆ ಹೋಗಿ. ನಿಮಗಿಂತ ಮುಂಚೆ ಬಂದವರು ಇದೇ ಫೈಲನ್ನ ಅರ್ಧ ನಿಮಿಷದಲ್ಲಿ ತೆಗೆದ್ರು. ನಿಮ್ಮ ಕೈಲಾಗಲ್ಲ ಅಂದ್ರೆ ಎದ್ದು ನಡೀರಿ.”

ಅವನಿಗೆ ರೇಗಿಹೋಯಿತು. ಕೀಬೋರ್ಡನ್ನು ಆಚೆ ದೂಡಿದ.

“ಏನ್ರೀ ತೆಗೆಯೋದು? ಬೇಕು ಬೇಕಂತಲೇ ಸ್ಕ್ರೀನ್ ಆಫ್ ಮಾಡಿಟ್ಟು, ಫೈಲ್ ತೆಗಿ ಅಂದ್ರೆ ಯಾರ ಕೈಲಾಗುತ್ತೆ?”

“ಆಫ್ ಆಗಿದೆಯಾ?” ಎಂದಳು ಅವಳು. “ಹನ್ನೊಂದು ವರ್ಷದಿಂದ ಈ ಕಂಪ್ಯೂಟರನ್ನ ನಾನು ಕಿವಿಯಲ್ಲೇ ಓದ್ತಿದೀನಿ. ನೀವು ನೋಡಿ ಹೇಳಿದ ಮೇಲೇ ನನಗೆ ಗೊತ್ತಾಗಿದ್ದು.”