ಇನ್ನೊಂದು ಪದರ ಟಾರು

"ಕೆರೆಯಬೇಡಿ. ಹಳೇ ರಸ್ತೆ ಮೇಲೇನೇ ಟಾರು ಹಾಕಿ," ಎಂದಳು ಮೂಲೆಮನೆಯ ಅಜ್ಜಿ.

ಬೀದಿಗೆ ಬೀದಿಯೇ ಅವಳತ್ತ ತಿರುಗಿತು. ತಿರುಗದೆ ಇನ್ನೇನು ಮಾಡೀತು? ರಿಪೇರಿ ಅಂದಾಗಲೆಲ್ಲ ಹಳೆಯ ಟಾರಿನ ಮೇಲೆ ಹೊಸ ಟಾರು ಬಳಿದು ಬಳಿದು ರಸ್ತೆ ಮನೆಗಳಿಗಿಂತ ಎತ್ತರಕ್ಕೆ ಹೋಗಿತ್ತು. ಮಳೆ ಬಂದರೆ ನೀರು ಚರಂಡಿಯ ದಾರಿ ಮರೆತು ನೆಟ್ಟಗೆ ಮನೆಗಳೊಳಗೆ ನುಗ್ಗುತ್ತಿತ್ತು. ಈ ಸಲ ಹಳೆಯದನ್ನು ಪೂರಾ ಕೆರೆದು, ರಸ್ತೆ ತಗ್ಗಿಸಿಯೇ ಹೊಸದು ಹಾಕಬೇಕೆಂದು ಎಲ್ಲರೂ ಸೇರಿ ಇಂಜಿನಿಯರನ್ನು ಹಿಡಿದು ತಂದು ನಿಲ್ಲಿಸಿದ್ದರು. ಅಷ್ಟರಲ್ಲಿ ಈ ಮಾತು. ಅದೂ ಯಾರ ಬಾಯಲ್ಲಿ? ಇಡೀ ಬೀದಿಯಲ್ಲಿ ಎಲ್ಲಕ್ಕಿಂತ ತಗ್ಗಿನಲ್ಲಿರುವುದು ಅಜ್ಜಿಯ ಮನೆಯೇ. ಹೋದ ಮಳೆಗಾಲದಲ್ಲಿ ಅವಳ ನಡುಮನೆಯಲ್ಲಿ ಚಪ್ಪಲಿಗಳು ತೇಲಿದ್ದನ್ನು ನೋಡದವರಿಲ್ಲ.

"ಅರಳುಮರಳು," ಎಂದ ಔಷಧಿ ಅಂಗಡಿಯವನು, ಮೆಲ್ಲಗೆ, ಆದರೆ ಎಲ್ಲರಿಗೂ ಕೇಳುವ ಹಾಗೆ. "ಇಲ್ಲಾ ಅಂದ್ರೆ ಕಂಟ್ರಾಕ್ಟರ್ ಇವರಿಗೇನಾದ್ರೂ ನೆಂಟನಾ?"

ಸೊಸೆಗೆ ಮುಖ ಎತ್ತಲಾಗಲಿಲ್ಲ. ಕಂಕುಳಲ್ಲಿದ್ದ ಮಗುವನ್ನು ಸರಿಮಾಡಿಕೊಳ್ಳುತ್ತ ಹತ್ತಿರ ಬಂದಳು. "ಅತ್ತೆ, ಒಳಗೆ ನಡೀರಿ. ಹೋದ ಸಲ ತೊಟ್ಟಿಲ ಕೆಳಗೆ ನೀರು ನಿಂತಿತ್ತು. ಮರೆತುಬಿಟ್ರಾ?"

"ಮರೆತಿಲ್ಲ ಕಣೇ. ಬಕೆಟ್ಟಲ್ಲಿ ತುಂಬಿ ತುಂಬಿ ಹೊರಗೆ ಚೆಲ್ಲಿದ್ದು ನಾನೂ ತಾನೇ," ಎಂದಳು ಅಜ್ಜಿ. ಅವಳ ದನಿ ಇಳಿದಿತ್ತು.

ಇಂಜಿನಿಯರು ಬೈಸಿಕೊಳ್ಳಲು ತಯಾರಾಗಿಯೇ ಬಂದಿದ್ದ. ಹೋದ ಹೋದ ಬೀದಿಯಲ್ಲೆಲ್ಲ ಮೇಲೆ ಮೇಲೆ ಬಳಿದದ್ದಕ್ಕೆ ಬೈದವರೇ. ಹಾಗೇ ಬಳಿಯಿರಿ ಎಂದು ಕೇಳಿಕೊಂಡವರನ್ನು ಅವನು ಕಂಡದ್ದು ಇದೇ ಮೊದಲು. ತಿಳಿದುಕೊಳ್ಳದೆ ಅಲ್ಲಿಂದ ಹೊರಡುವುದು ಅವನಿಂದಾಗಲಿಲ್ಲ.

"ಯಾಕಜ್ಜಿ?" ಎಂದ.

ಅಜ್ಜಿ ಎದುರುಮನೆಯತ್ತ ಕೈ ತೋರಿಸಿದಳು. ಆ ಮನೆ ಎತ್ತರದ ಕಟ್ಟೆಯ ಮೇಲಿತ್ತು. ಬಾಗಿಲಲ್ಲಿ ಇನ್ನೊಬ್ಬ ಮುದುಕಿ ಕುರ್ಚಿ ಹಾಕಿಕೊಂಡು ಕೂತಿದ್ದಳು, ತಲೆ ನೀಟಾಗಿ ಬಾಚಿಕೊಂಡು, ಎಲ್ಲಿಗೋ ಹೊರಟವಳ ಹಾಗೆ.

"ಅವಳು ನನ್ನ ವಾರಗಿತ್ತಿ. ವಯಸ್ಸಿದ್ದಾಗ ನಾವಿಬ್ಬರೂ ಹಾವು ಮುಂಗುಸಿ. ನಮ್ಮ ಕಾಟ ತಡೆಯಲಾರದೆ ಅಣ್ಣತಮ್ಮ ಇಬ್ಬರೂ ಎದುರುಬದುರು ಮನೆ ಕಟ್ಟಿದ್ರು. ಈಗ ಅವರಿಬ್ಬರೂ ಇಲ್ಲ, ಜಗಳಕ್ಕೆ ಉಳಿದಿರೋದು ನಾವೇ. ಅವಳಿಗೆ ಸೊಂಟ ಮುರಿದು ಇಳಿಯೋಕಾಗಲ್ಲ. ನನಗೆ ಮಂಡಿ ನೋವು, ಹತ್ತೋಕಾಗಲ್ಲ. ಮೊದಲು ಇಲ್ಲಿಂದಲೇ ಕೂಗಾಡ್ತಿದ್ವಿ, ಈಗ ಅವಳಿಗೆ ಕಿವೀನೂ ಹೋಯ್ತು. ಏನೇ ಹೇಳಬೇಕು ಅಂದ್ರೂ ಪಕ್ಕದಲ್ಲಿ ಕೂತು ಕಿವೀಲೇ ಹೇಳಬೇಕು."

"ಅದಕ್ಕೂ ರಸ್ತೆಗೂ ಏನು ಸಂಬಂಧ?"

"ಆ ಮೆಟ್ಟಿಲು ನೋಡಪ್ಪ. ಮನೆ ಕಟ್ಟಿದಾಗ ಆ ಕಟ್ಟೆ ನನ್ನ ಎದೆಮಟ್ಟಕ್ಕಿತ್ತು. ನೀವು ಟಾರು ಹಾಕಿದಾಗಲೆಲ್ಲ ಕೆಳಗಿನ ಮೆಟ್ಟಿಲೊಂದು ನೆಲದೊಳಗೆ ಹೋಯ್ತು. ಈಗ ಎರಡೇ ಉಳಿದಿವೆ. ಇನ್ನೊಂದು ಪದರ ಹಾಕಿದ್ರೆ ಒಂದು. ಒಂದಾದ್ರೆ ಗೋಡೆ ಹಿಡ್ಕೊಂಡು ಹೇಗೋ ಹತ್ತಿಬಿಡ್ತೀನಿ."

ಔಷಧಿ ಅಂಗಡಿಯವನು ಗಂಟಲು ಸರಿಮಾಡಿಕೊಂಡ. "ಅಷ್ಟೇ ತಾನೇ ಅಜ್ಜಿ? ನಾವೇ ಎತ್ಕೊಂಡು ಹೋಗಿ ಕೂರಿಸ್ತೀವಿ ಬಿಡಿ."

"ನಾನೇನು ಬೀರುನಾ, ಎತ್ತಿ ಇಡೋಕೆ? ಎರಡು ದಿನ ಎತ್ತುತ್ತೀಯ, ಮೂರನೇ ದಿನ ನಿನ್ನ ಅಂಗಡಿ ಮಾತ್ರೆ ನೀನೇ ನುಂಗ್ತೀಯ. ನನಗೆ ಬೇಕು ಅನ್ನಿಸಿದಾಗ ಹೋಗಬೇಕು ಕಣೋ. ಜಗಳ ಆದ್ರೆ ಅರ್ಧಕ್ಕೇ ಎದ್ದು ಬರಬೇಕು."

ಕೆಲವರು ನಕ್ಕರು. ಇಂಜಿನಿಯರು ನಗಲಿಲ್ಲ. ಕೆರೆಯುವ ಯಂತ್ರ ಬೀದಿಯ ತುದಿಯಲ್ಲಿ ಬಂದು ನಿಂತಾಗಿತ್ತು. ಅವನಿಗೆ ಅಜ್ಜಿಯ ಮುಖ ನೋಡಿ ಹೇಳುವ ಧೈರ್ಯ ಬರಲಿಲ್ಲ, ಜನರ ಕಡೆ ತಿರುಗಿದ. "ಇದು ನಾನೊಬ್ಬ ಹೇಳೋ ಮಾತಲ್ಲ. ಬೀದಿಯವರು ಹೇಗೆ ಹೇಳ್ತೀರೋ ಹಾಗೆ. ಕೆರೆದೇ ಹಾಕಬೇಕು ಅನ್ನೋರು ಕೈ ಎತ್ತಿ."

ಮೊದಲು ಔಷಧಿ ಅಂಗಡಿಯವನ ಕೈ ಎದ್ದಿತು, ಅರ್ಧಕ್ಕೇ ನಿಂತಿತು. ಆಮೇಲೆ ಒಬ್ಬೊಬ್ಬರದಾಗಿ ಎಲ್ಲರ ಕೈಗಳೂ ಎದ್ದವು. ಸೊಸೆ ನೆಲ ನೋಡುತ್ತಲೇ, ಮಗುವನ್ನು ಒಂದು ಕೈಯಲ್ಲಿ ಅವಚಿಕೊಂಡು ಇನ್ನೊಂದನ್ನು ಎತ್ತಿದಳು. ಅವಳ ಕಣ್ಣು ತುಂಬಿತ್ತು.

ಎದುರುಮನೆಯ ವಾರಗಿತ್ತಿಗೆ ಇದರಲ್ಲಿ ಒಂದು ಮಾತೂ ಕೇಳಿರಲಿಲ್ಲ. ರಸ್ತೆ ಏರುತ್ತದೆ, ನಾನು ಬರುತ್ತೇನೆ ಎಂದು ಅಜ್ಜಿ ಬೆಳಿಗ್ಗೆಯೇ ಕೈಸನ್ನೆಯಲ್ಲಿ ಅವಳಿಗೆ ತಿಳಿಸಿದ್ದಳು. ಬೀದಿಯ ತುಂಬ ಎದ್ದ ಕೈಗಳನ್ನು ಕಂಡು, ಅದಕ್ಕೇ ಎಲ್ಲರೂ ಒಪ್ಪಿದರೆಂದುಕೊಂಡಳು. ಮುಖ ಅರಳಿತು. ಕುರ್ಚಿಯ ತೋಳು ಹಿಡಿದುಕೊಂಡು, ಎಲ್ಲರಿಗಿಂತ ಮೇಲೆ ಕಾಣುವ ಹಾಗೆ, ತಾನೂ ಕೈ ಎತ್ತಿದಳು.

ಅಜ್ಜಿ ಅವಳನ್ನೇ ನೋಡಿದಳು. ಮಗುವನ್ನೊಮ್ಮೆ ನೋಡಿದಳು. ಆಮೇಲೆ ವಾರಗಿತ್ತಿಯ ಕಡೆಗೆ ತಿರುಗಿ, ನಗುನಗುತ್ತಲೇ, ತನ್ನ ಕೈಯನ್ನೂ ಎತ್ತಿದಳು.